ಸೇವ್‌ಗಳಿಗೆ ದುಡ್ಡು ಹಾಕದೆ ಗೆದ್ದ ಲೀಗ್

ಹರಾಜಿನಲ್ಲಿ ಕ್ಲೋಸರ್‌ಗಳ (ಪಂದ್ಯದ ಕೊನೆಯಲ್ಲಿ ಚೆಂಡೆಸೆದು ಗೆಲುವು ಉಳಿಸಿ ‘ಸೇವ್’ ಪಡೆಯುವ ಪಿಚರ್‌ಗಳ) ಮೇಲೆ ದುಡ್ಡು ಸುರಿಯುವುದು ದಂಡ ಎಂದು ನಾನು ಹೇಳಿದಾಗಲೆಲ್ಲ ನ್ಯೂಜೆರ್ಸಿಯ ನಮ್ಮ ಕಚೇರಿಯ ಫ್ಯಾಂಟಸಿ ಬೇಸ್‌ಬಾಲ್ ಲೀಗಿನವರು ನಗುತ್ತಿದ್ದರು. ಹತ್ತು ವಿಭಾಗಗಳಲ್ಲಿ ಒಂದನ್ನು ಕೈಬಿಟ್ಟು ಗೆದ್ದವರು ಯಾರಿದ್ದಾರೆ ಎಂಬುದು ಅವರ ಪ್ರಶ್ನೆ. ಕೈಬಿಡುವುದು ಬೇರೆ, ಹರಾಜಿನ ಬೆಲೆ ಕೊಡದೆ ಪಡೆಯುವುದು ಬೇರೆ ಎಂದರೆ ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ. 2024ರಲ್ಲಿ 12 ತಂಡಗಳ ನಡುವೆ ನಾನು ಮೊದಲು ಬಂದ ಮೇಲೆ ಅದೇ ಜನ ಊಟದ ಹೊತ್ತಿಗೆ ಪಕ್ಕದ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಾರೆ.

ಆಟ ಗೊತ್ತಿದ್ದವರಿಗಾಗಿಯೇ ಬರೆಯುತ್ತಿದ್ದೇನೆ. ಹೊಸಬರು ಇದ್ದರೆ ಇಷ್ಟು ಸಾಕು: ನಿಜವಾದ ಆಟಗಾರರನ್ನು ಹರಾಜಿನಲ್ಲಿ ಕೊಂಡು, ಸೀಸನ್ನಿನಲ್ಲಿ ಅವರು ಗಳಿಸುವ ಅಂಕಿಗಳನ್ನು ಹತ್ತು ವಿಭಾಗಗಳಲ್ಲಿ ಹೋಲಿಸುವ ರೋಟಿಸರಿ ಪದ್ಧತಿ ನಮ್ಮದು. 1980ರಲ್ಲಿ ಡೇನಿಯಲ್ ಓಕ್ರೆಂಟ್ ಮತ್ತು ಗೆಳೆಯರು ಶುರುಮಾಡಿದ ಈ ಆಟಕ್ಕೆ ಅವರು ಸೇರುತ್ತಿದ್ದ ನ್ಯೂಯಾರ್ಕಿನ ಹೋಟೆಲೊಂದರ ಹೆಸರೇ ಅಂಟಿಕೊಂಡಿತು. ಪ್ರತಿ ತಂಡಕ್ಕೆ ಲೆಕ್ಕದ ಹಣ 260 ಡಾಲರ್. ಅದರಲ್ಲಿ 14 ಬ್ಯಾಟರ್‌ಗಳು, 9 ಪಿಚರ್‌ಗಳು. ಬ್ಯಾಟಿಂಗಿನಲ್ಲಿ ರನ್, ಹೋಮ್ ರನ್, ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್), ಸ್ಟೀಲ್ (ಹೊಡೆತವಿಲ್ಲದೆಯೇ ಮುಂದಿನ ಬೇಸಿಗೆ ಓಡಿ ಸೇರುವುದು), ಸರಾಸರಿ. ಪಿಚಿಂಗಿನಲ್ಲಿ ಗೆಲುವು, ಸೇವ್, ಸ್ಟ್ರೈಕ್‌ಔಟ್, ಇಆರ್‌ಎ (ಒಂಬತ್ತು ಇನ್ನಿಂಗ್ಸಿಗೆ ಕೊಟ್ಟ ರನ್‌ಗಳ ಸರಾಸರಿ), ವಿಪ್ (ಇನ್ನಿಂಗ್ಸಿಗೆ ಕೊಟ್ಟ ಹಿಟ್ ಮತ್ತು ವಾಕ್‌ಗಳ ಸರಾಸರಿ); ಈ ಎರಡೂ ಕಡಿಮೆ ಇದ್ದಷ್ಟು ಒಳ್ಳೆಯದು. ಪ್ರತಿ ವಿಭಾಗದಲ್ಲೂ ಮೊದಲನೆಯವನಿಗೆ 12 ಅಂಕ, ಕೊನೆಯವನಿಗೆ 1. ಸಂಜೆ ಹನ್ನೊಂದು ಮಂದಿಯನ್ನು ಆರಿಸಿ ರಾತ್ರಿಯೇ ಫಲಿತಾಂಶ ನೋಡುವ ಫ್ಯಾಂಟಸಿ ಕ್ರಿಕೆಟ್ಟಿನ ಅಭ್ಯಾಸ ಇಲ್ಲಿ ಅಡ್ಡಿಯೇ. ಒಂದೊಂದು ತಂಡವೂ 162 ಪಂದ್ಯ ಆಡುತ್ತದೆ, ನಾವು ಮಾರ್ಚಿನಿಂದ ಸೆಪ್ಟೆಂಬರ್‌ವರೆಗೆ ಲೆಕ್ಕ ಹಾಕುತ್ತ ಕೂರುತ್ತೇವೆ.

ಜೇಬಿನಿಂದ ಹೋಗುವುದು ವರ್ಷಕ್ಕೆ 100 ಡಾಲರ್ ಪ್ರವೇಶ ಶುಲ್ಕ. ಅಂದಾಜು ಅಂಕಿಅಂಶಗಳ ಚಂದಾ ಇನ್ನೊಂದು 50-60. ಗೆಲ್ಲುವ ಮೊದಲು ಹೀಗೆ ಕಳೆದದ್ದು ಆರೇಳುನೂರು ಡಾಲರ್ ಇರಬೇಕು. ಅದರಲ್ಲಿ ಹೆಚ್ಚಿನ ಪಾಲು ಕ್ಲೋಸರ್‌ಗಳ ಲೆಕ್ಕಕ್ಕೇ ಬರೆಯುತ್ತೇನೆ. ಒಂದು ವರ್ಷ ಇಬ್ಬರು ಕ್ಲೋಸರ್‌ಗಳ ಮೇಲೆ ಹರಾಜಿನ 38 ಡಾಲರ್ ಸುರಿದೆ. ಹೆಸರು ಬೇಡ. ಒಬ್ಬನ ಕೆಲಸ ಮೇ ತಿಂಗಳಲ್ಲಿ ಹೋಯಿತು, ಇನ್ನೊಬ್ಬನ ಭುಜ ಜೂನ್‌ನಲ್ಲಿ. ಉಳಿದ ಸೀಸನ್ ಪೂರ್ತಿ ಒಂದು ಡಾಲರ್ ಬೆಲೆಯ ಔಟ್‌ಫೀಲ್ಡರ್‌ಗಳಿಂದ ತಂಡ ಎಳೆದೆ. 2023ರ ಮಾರ್ಚಿನಲ್ಲಿ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನ ಗೆಲುವಿನ ಸಂಭ್ರಮದಲ್ಲಿ ಕ್ಲೋಸರ್ ಎಡ್ವಿನ್ ಡಿಯಾಸ್ ಮೊಣಕಾಲಿನ ಸ್ನಾಯುರಜ್ಜು ಹರಿದುಕೊಂಡು ಸೀಸನ್ ಪೂರ್ತಿ ಹೊರಗುಳಿದದ್ದು ನೆನಪಿದೆಯಲ್ಲ? ಆಗಲೂ ನಮ್ಮವರ ಬುದ್ಧಿ ಬದಲಾಗಲಿಲ್ಲ.

ಸೇವ್ ಎಂಬುದು ಪಿಚರ್‌ನ ಗುಣಕ್ಕಿಂತ ಅವನ ಕುರ್ಚಿಗೆ ಸೇರಿದ್ದು. ಮೂರು ರನ್ ಅಥವಾ ಅದಕ್ಕಿಂತ ಕಡಿಮೆ ಮುನ್ನಡೆ ಇರುವಾಗ ಕೊನೆಯ, ಅಂದರೆ ಒಂಬತ್ತನೆಯ ಇನ್ನಿಂಗ್ಸ್ ಎಸೆದು ಮುಗಿಸುವ ಕೆಲಸ ಯಾರಿಗೆ ಸಿಕ್ಕರೂ ಸೇವ್ ಅವನ ಹೆಸರಿಗೇ. ಕುರ್ಚಿ ಕೈ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ನಾನು ಒಂಬತ್ತನೆಯ ಇನ್ನಿಂಗ್ಸಿನವನನ್ನು ಬಿಟ್ಟು ಎಂಟನೆಯ ಇನ್ನಿಂಗ್ಸಿನವನನ್ನು ಕೊಳ್ಳುತ್ತೇನೆ. ಬೆಲೆ ಒಂದು ಡಾಲರ್. ಕುರ್ಚಿ ಸಿಗದಿದ್ದರೂ ಇಆರ್‌ಎ ಮತ್ತು ವಿಪ್ ತಣ್ಣಗೆ ಇಡುತ್ತಾನೆ.

ಯಾರನ್ನು ಎಂಬುದೇ ಕಷ್ಟ. ಬೆಳಿಗ್ಗೆ ಕಾಫಿ ಕುಡಿಯುತ್ತ ಹಿಂದಿನ ರಾತ್ರಿಯ ಸ್ಕೋರ್‌ಪಟ್ಟಿ ನೋಡುತ್ತೇನೆ. ಒಂದು ರನ್ ಮುನ್ನಡೆಯಲ್ಲಿ, ಎದುರಾಳಿಯ ಅತಿ ಬಲವಾದ ಮೂವರು ಬ್ಯಾಟರ್‌ಗಳು ಎಂಟನೆಯ ಇನ್ನಿಂಗ್ಸಿನಲ್ಲಿ ಬಂದಾಗ ಮ್ಯಾನೇಜರ್ ಯಾರ ಕೈಗೆ ಚೆಂಡು ಕೊಟ್ಟ? ಕ್ಲೋಸರ್ ಸತತ ಎರಡು ದಿನ ಎಸೆದು ಮೂರನೆಯ ದಿನ ವಿಶ್ರಾಂತಿಯಲ್ಲಿದ್ದಾಗ ಯಾರು ಮುಗಿಸಿದ? ಈ ಎರಡಕ್ಕೂ ಒಂದೇ ಹೆಸರು ಬಂದರೆ ಭಾನುವಾರ ರಾತ್ರಿಯ ವೇವರ್‌ನಲ್ಲಿ (ಯಾರ ತಂಡದಲ್ಲೂ ಇಲ್ಲದ ಆಟಗಾರರ ಹರಾಜಿನಲ್ಲಿ) ಬಿಡ್ ಹಾಕುತ್ತೇನೆ. ನಾನು ನೋಡುವ ಮೂರನೆಯ ಅಂಕಿಯೊಂದಿದೆ. ಅದನ್ನು ಬರೆಯುವುದಿಲ್ಲ, ಲೀಗಿನಲ್ಲಿ ಕನ್ನಡ ಓದಬಲ್ಲವರು ಇನ್ನಿಬ್ಬರಿದ್ದಾರೆ.

ಹರಾಜಿನ ದಿನ ಆಟಗಾರನ ಹೆಸರು ಹರಾಜಿಗೆ ಇಡುವ ನನ್ನ ಸರದಿ ಬಂದಾಗಲೆಲ್ಲ ನಾನು ಕೂಗಿದ್ದು ನನಗೆ ಬೇಡವಾದ ಕ್ಲೋಸರ್‌ಗಳ ಹೆಸರನ್ನೇ. ಹನ್ನೊಂದು, ಹದಿನಾಲ್ಕು, ಹದಿನೇಳು ಎಂದು ಬೆಲೆ ಏರುತ್ತಿತ್ತು. ನಾನು ಒಂದೆರಡು ಬಾರಿ ಕೈಯೆತ್ತಿ ಸುಮ್ಮನಾಗುತ್ತಿದ್ದೆ. ಎಂಟನೆಯ ಸುತ್ತಿನ ಹೊತ್ತಿಗೆ ಉಳಿದವರ ಜೇಬು ಹಗುರ. ಶೋಹೆಯ್ ಓಹ್ತಾನಿಯ ಹೆಸರು ಬಂದಾಗ ಮೊಣಕೈ ಶಸ್ತ್ರಚಿಕಿತ್ಸೆಯ ನಂತರ ಆ ವರ್ಷ ಅವನು ಎಸೆಯುವುದಿಲ್ಲ, ಬ್ಯಾಟಿಂಗ್ ಮಾತ್ರ ಮಾಡುವವರಿಗೂ ಇರುವ ಯುಟಿಲಿಟಿ ಸ್ಥಾನಕ್ಕೆ ಮಾತ್ರ ಆದಾನು ಎಂದು ಹಲವರು ಹಿಂಜರಿದರು. 39 ಡಾಲರ್‌ಗೆ ಬಂದ ಎಂದು ನೆನಪು. 54 ಹೋಮ್ ರನ್, 59 ಸ್ಟೀಲ್, .310 ಸರಾಸರಿ. ಇದರಲ್ಲಿ ನನ್ನ ಜಾಣ್ಮೆ ಎಷ್ಟು, ಅದೃಷ್ಟ ಎಷ್ಟು ಎಂದು ಕೇಳಿದವರಿಗೆ ನಾನು ಕೊಡುವ ಉತ್ತರ, ಆ ಹಣ ಉಳಿದಿತ್ತು ಎಂಬುದು. ಗಾಯಗಳಿಂದ ಎಲ್ಲರೂ ಕೈಬಿಟ್ಟಿದ್ದ ಪಿಚರ್ ಕ್ರಿಸ್ ಸೇಲ್ ಎಂಟೊಂಬತ್ತು ಡಾಲರ್‌ಗೆ ಸಿಕ್ಕ. ಬ್ರೇವ್ಸ್ ಪರ 18 ಗೆಲುವು, 225 ಸ್ಟ್ರೈಕ್‌ಔಟ್, 2.38 ಇಆರ್‌ಎ, ಮೇಲೆ ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ. ಆರು ಡಾಲರ್‌ನ ಬ್ರೆಂಟ್ ರೂಕರ್ 39 ಹೋಮ್ ರನ್ ಹೊಡೆದ.

ಇನ್ನು ಸೇವ್‌ಗಳು. ಓಕ್ಲೆಂಡಿನ ಮೇಸನ್ ಮಿಲ್ಲರ್‌ಗೆ ಹರಾಜಿನಲ್ಲಿ ಎರಡೋ ಮೂರೋ ಡಾಲರ್, ಅಷ್ಟೇ ನಾನು ಮೀರಿದ್ದು. ಟೆಕ್ಸಸ್‌ನಲ್ಲಿ ಕರ್ಬಿ ಯೇಟ್ಸ್‌ನನ್ನು ಏಪ್ರಿಲ್‌ನಲ್ಲಿಯೇ ವೇವರ್‌ನಿಂದ 3 ಡಾಲರ್‌ಗೆ ಎತ್ತಿಕೊಂಡೆ, ವರ್ಷದ ಕೊನೆಗೆ ಅವನ ಹೆಸರಿಗೆ 33 ಸೇವ್. ಮಿಲ್ಲರ್‌ನ ಹಿಂದೆ ಎಂಟನೆಯ ಇನ್ನಿಂಗ್ಸ್ ಎಸೆಯುತ್ತಿದ್ದ ಲ್ಯೂಕಸ್ ಅರ್ಸೆಗ್‌ನನ್ನು ಯಾರೂ ಮುಟ್ಟಿರಲಿಲ್ಲ. ಜುಲೈ ಕೊನೆಯಲ್ಲಿ ಅವನು ಕಾನ್ಸಸ್ ಸಿಟಿಗೆ ಹೋದ, ಅಲ್ಲಿ ಕ್ಲೋಸರ್ ಆದ. ಪಿಟ್ಸ್‌ಬರ್ಗಿನ ಡೇವಿಡ್ ಬೆಡ್ನರ್‌ನನ್ನು ಮಾರ್ಚಿನಲ್ಲಿ ದುಬಾರಿಯಾಗಿ ಕೊಂಡವರು ಬೇಸಿಗೆಯ ಕೊನೆಗೆ ಅವನ ಐದೂವರೆ ದಾಟಿದ ಇಆರ್‌ಎ ಹೊತ್ತುಕೊಂಡಿದ್ದರು. ಆ ಕುರ್ಚಿಗೆ ಬಂದ ಅರೋಲ್ಡಿಸ್ ಚಾಪ್‌ಮನ್ ಆಗಲೇ ನನ್ನ ಬೆಂಚಿನಲ್ಲಿದ್ದ. ಒಟ್ಟು ಎಪ್ಪತ್ತರ ಆಸುಪಾಸು ಸೇವ್, 12ರಲ್ಲಿ 8 ಅಂಕ. ಅಷ್ಟೇ ಬೇಕಿದ್ದದ್ದು. ಒಟ್ಟಾರೆ 93 ಅಂಕ. ಎರಡನೆಯವನಿಗೆ 88ರ ಹತ್ತಿರ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ವಾರಕ್ಕೆರಡು ಬಾರಿ ಎಸೆಯುವ ಅಗ್ಗದ ಸ್ಟಾರ್ಟರ್‌ಗಳನ್ನು (ಪಂದ್ಯವನ್ನು ಆರಂಭಿಸುವ ಪಿಚರ್‌ಗಳನ್ನು) ಸರದಿಯಂತೆ ತಂದು ಬಿಡುವ ಉಪಾಯದಿಂದ ಸ್ಟ್ರೈಕ್‌ಔಟ್ ಏರಿತು, ಇಆರ್‌ಎ ವಿಭಾಗದ ಅಂಕ ಪಾತಾಳ ಸೇರಿತು; ಒಂದು ಸೀಸನ್ ಅದರಲ್ಲೇ ಹೋಯಿತು. ಕೊಲರಾಡೊದ ಬ್ಯಾಟರ್‌ಗಳನ್ನು ಡೆನ್ವರಿನಲ್ಲಿ ಆಡುವ ವಾರ ಮಾತ್ರ ಇಳಿಸುವುದು ಮಾತ್ರ ಫಲ ಕೊಟ್ಟಿದೆ. ಸುಮಾರು 1,600 ಮೀಟರ್ ಎತ್ತರದ ತೆಳು ಗಾಳಿಯಲ್ಲಿ ಚೆಂಡು ದೂರ ಹೋಗುತ್ತದೆ, ಒಂದು ಡಾಲರ್‌ನವನೂ ಅಲ್ಲಿ ಹತ್ತು ಡಾಲರ್‌ನವನಂತೆ ಕಾಣುತ್ತಾನೆ. ಸ್ಟೀಲ್‌ಗಳ ವಿಷಯದಲ್ಲಿ 2023ರ ನಿಯಮ ಬದಲಾವಣೆಯನ್ನು ನಮ್ಮ ಲೀಗು ತಡವಾಗಿ ಅರ್ಥಮಾಡಿಕೊಂಡಿತು: ಬೇಸ್ 15 ಇಂಚಿನಿಂದ 18 ಇಂಚಿಗೆ ಬೆಳೆಯಿತು, ಪಿಚರ್ ಬೇಸಿನತ್ತ ಎಸೆದು ಓಟಗಾರನನ್ನು ಹೆದರಿಸುವುದಕ್ಕೆ ಮಿತಿ ಬಂತು, ಇಡೀ ಮೇಜರ್ ಲೀಗಿನ ಸ್ಟೀಲ್ ಸುಮಾರು 2,500ರಿಂದ 3,500ಕ್ಕೆ ಏರಿತು. ಸರಕು ಇಷ್ಟು ಹೆಚ್ಚಿದ ಮೇಲೆ ಓಡುವುದನ್ನು ಬಿಟ್ಟು ಬೇರೇನೂ ಬಾರದವನಿಗೆ 15 ಡಾಲರ್ ಏಕೆ?

ಮೊದಲ ಬಹುಮಾನ 700 ಡಾಲರ್ ಬಂತು, ಹಳೆಯ ನಷ್ಟ ಹೆಚ್ಚೂಕಡಿಮೆ ತೀರಿತು. ಮನೆಯಲ್ಲಿ ಬಹುಮಾನದ ಅಂಕಿ ಮಾತ್ರ ಹೇಳಿದ್ದೇನೆ.

ಈಗ ಲೀಗಿನವರು ಸೇವ್ ಜೊತೆಗೆ ಹೋಲ್ಡ್‌ಗಳನ್ನೂ (ಮುನ್ನಡೆ ಕಾಪಾಡಿ ಮುಂದಿನ ಪಿಚರ್‌ಗೆ ಒಪ್ಪಿಸಿದವನ ಹೆಸರಿಗೆ ಬರೆಯುವ ಅಂಕಿಯನ್ನೂ) ಎಣಿಸಬೇಕೆಂದು ಮತಕ್ಕೆ ಹಾಕಿ ಗೆದ್ದಿದ್ದಾರೆ. ಎಂಟನೆಯ ಇನ್ನಿಂಗ್ಸಿನವರಿಗೂ ಇನ್ನು ಮುಂದೆ ಐದಾರು ಡಾಲರ್ ಬೆಲೆ ಬರುತ್ತದೆ. ನಾನು ವಿರುದ್ಧವಾಗಿ ಮತ ಹಾಕಿದೆ, ಎಲ್ಲರೂ ಅದನ್ನೇ ನಿರೀಕ್ಷಿಸಿದ್ದರು. ನನ್ನ ಪಟ್ಟಿಯಲ್ಲಿ ಕ್ಲೋಸರ್‌ಗಳ ಬೆಲೆಯನ್ನು ಅರ್ಧಕ್ಕೆ ಇಳಿಸಿ, ಏಳನೆಯ ಇನ್ನಿಂಗ್ಸಿಗೆ ಹೊಸ ಕಾಲಮ್ ಹಾಕಿಯಾಗಿದೆ.