ಇಎಸ್‌ಆರ್ ಇಳಿದರೆ ನನಗೆ ಭಯ

ಮಂಡ್ಯದಲ್ಲಿ ಮಕ್ಕಳ ಡಾಕ್ಟರಾಗಿ ಕೂತ ಮೇಲೆ ಜ್ವರ ನೋಡುವುದೇ ಕೆಲಸ. ಡೆಂಗಿ, ಟೈಫಾಯ್ಡ್, ಗದ್ದೆ ಬದುವಿನ ಕಡೆಯಿಂದ, ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್. ಇವುಗಳ ವೇಷದಲ್ಲೇ ಅಪರೂಪಕ್ಕೆ ಎಚ್‌ಎಲ್‌ಎಚ್ (ಹೀಮೋಫ್ಯಾಗೋಸೈಟಿಕ್ ಲಿಂಫೋಹಿಸ್ಟಿಯೋಸೈಟೋಸಿಸ್) ಎಂಬ ಕಾಯಿಲೆ ಬರುತ್ತದೆ. ಸೋಂಕಿನ ಮೇಲೆ ಎಗರಿದ ರೋಗನಿರೋಧಕ ಕೋಶಗಳು ಸುಮ್ಮನಾಗುವುದೇ ಇಲ್ಲ, ಕೊನೆಗೆ ಮಗುವಿನ ರಕ್ತಕಣಗಳನ್ನೇ ನುಂಗುತ್ತವೆ.

ಕಬ್ಬಿನ ಗದ್ದೆ ಪಕ್ಕದ ಮನೆಯ ಐದು ವರ್ಷದ ಹುಡುಗಿ. "ಒಂದು ವಾರದ ಮೇಲಾಯ್ತು ಸಾ, ಬಿಟ್ಟು ಬಿಟ್ಟು ಬತ್ತದೆ" ಎಂದರು ಅಜ್ಜಿ. ಎಡ ಪಕ್ಕೆಲುಬಿನ ಕೆಳಗೆ ಊದಿದ ಸ್ಪ್ಲೀನ್ (ಗುಲ್ಮ) ಕೈಗೆ ಸಿಗುತ್ತಿತ್ತು. ಪ್ಲೇಟ್‌ಲೆಟ್ 80,000, ಹಿಮೋಗ್ಲೋಬಿನ್ 8. ಇಎಸ್‌ಆರ್, ಅಂದರೆ ಟ್ಯೂಬಿನಲ್ಲಿ ಕೆಂಪು ಕಣಗಳು ತಳ ಸೇರುವ ವೇಗ, ಉರಿಯೂತ ಇದ್ದರೆ ಏರುವಂಥದ್ದು; ಅದು ಮಾತ್ರ 60ರಿಂದ 14ಕ್ಕೆ ಇಳಿದಿತ್ತು. ಅಪ್ಪನಿಗೆ ಸಮಾಧಾನ, ನನಗೆ ಭಯ. ಉರಿಯೂತದ ಇನ್ನೊಂದು ಅಳತೆ ಸಿಆರ್‌ಪಿ ಇನ್ನೂ ಮೇಲೇ ಇತ್ತಲ್ಲ! ಕೆಂಪು ಕಣಗಳು ಒಂದಕ್ಕೊಂದು ಅಂಟಿ ಬೇಗ ತಳ ಸೇರುವುದು ಮುಖ್ಯವಾಗಿ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನು ಫೈಬ್ರಿನೋಜನ್‌ನಿಂದ. ಅದು ಖರ್ಚಾಗಿ ಹೋದರೆ ಇಎಸ್‌ಆರ್ ಇಳಿಯುತ್ತದೆ, ಮಗು ಹುಷಾರಾಗಿರುವುದಿಲ್ಲ.

ಕಬ್ಬಿಣ ಕೂಡಿಡುವ ಪ್ರೋಟೀನು ಫೆರಿಟಿನ್, ಎಚ್‌ಎಲ್‌ಎಚ್‌ನಲ್ಲಿ ಏರುತ್ತದೆ. ಅದರ ರಿಪೋರ್ಟಿನಲ್ಲಿ "2000ಕ್ಕಿಂತ ಜಾಸ್ತಿ" ಅಂತ ಬಂತು. ಅದು ಉತ್ತರವಲ್ಲ, ಮಷೀನಿನ ಮಿತಿ ಅಷ್ಟೇ. ಸ್ಯಾಂಪಲ್ ಡೈಲ್ಯೂಟ್ ಮಾಡಿ ಮತ್ತೆ ಹಾಕಪ್ಪ ಎಂದು ಲ್ಯಾಬಿನ ಹುಡುಗನಿಗೆ ಫೋನು ಮಾಡಿದೆ. 14,000 ದಾಟಿತ್ತು. ಈ ಕಾಯಿಲೆ ಗುರುತಿಸುವ ಎಂಟು ಅಂಕಗಳ ಎಚ್‌ಎಲ್‌ಎಚ್-2004 ಮಾನದಂಡದಲ್ಲಿ 500 ಸಾಕು, ಆದರೆ ಅಷ್ಟು ಡೆಂಗಿ ಬಂದ ಮಗುವಿಗೂ ಸಲೀಸಾಗಿ ಬರುತ್ತದೆ. 10,000 ದಾಟಿದರೆ ನಾನು ಬೇರೆ ಲೆಕ್ಕ ಹಾಕುತ್ತೇನೆ.

ಫೈಬ್ರಿನೋಜನ್‌ಗೆ ನೀಲಿ ಮುಚ್ಚಳದ ಟ್ಯೂಬು. ಗೆರೆ ಮುಟ್ಟುವವರೆಗೆ ರಕ್ತ ತುಂಬಲೇಬೇಕು. ಕಮ್ಮಿಯಾದರೆ ರಕ್ತ ಹೆಪ್ಪುಗಟ್ಟದಂತೆ ಒಳಗೆ ಹಾಕಿರುವ ಸಿಟ್ರೇಟ್ ಪ್ರಮಾಣ ಜಾಸ್ತಿಯಾಗಿ ಫಲಿತಾಂಶ ಸುಳ್ಳೇ ಇಳಿಯುತ್ತದೆ. ಅಳುವ ಮಗುವಿನ ಕೈಯಿಂದ ಅಷ್ಟು ತೆಗೆಯೋದು ಸುಲಭವಲ್ಲ, ಅದಕ್ಕೇ ಪಕ್ಕದಲ್ಲೇ ನಿಂತಿದ್ದೆ. 110 ಬಂತು. 150 ಅಥವಾ ಅದಕ್ಕಿಂತ ಕೆಳಗಿದ್ದರೆ ಒಂದು ಅಂಕ. ಖಾಲಿ ಹೊಟ್ಟೆಯ ಟ್ರೈಗ್ಲಿಸರೈಡ್ (ರಕ್ತದ ಕೊಬ್ಬು) 265 ಮುಟ್ಟಿದರೂ ಅದೇ ಅಂಕ, ಎರಡೂ ಇದ್ದರೆ ಎರಡಲ್ಲ.

ಜ್ವರ, ಸ್ಪ್ಲೀನ್, ರಕ್ತಕಣ, ಫೈಬ್ರಿನೋಜನ್, ಫೆರಿಟಿನ್. ಎಂಟರಲ್ಲಿ ಐದು ಬೇಕಿತ್ತು, ಐದೂ ಸಿಕ್ಕವು. ರೋಗನಿರೋಧಕ ಕೋಶಗಳು ಎಷ್ಟು ಕೆರಳಿವೆ ಎಂದು ಹೇಳುವ, ರಕ್ತದಲ್ಲಿ ಕರಗಿದ ಸಿಡಿ25 ಪರೀಕ್ಷೆ ಒಳ್ಳೆಯದೇ, 2400 ಯೂನಿಟ್ ಅದರ ಗೆರೆ. ಆದರೆ ಸ್ಯಾಂಪಲ್ ಹೊರಗೆ ಹೋಗಿ ಬರಬೇಕು. ಕಳಿಸಿದೆ, ಕಾಯಲಿಲ್ಲ.

ಅಷ್ಟರಲ್ಲಿ ಸಿಸ್ಟರ್ ಮಗುವಿನ ಮೈ ಒರೆಸುವಾಗ ಕಂಕುಳಲ್ಲಿ ಸುಟ್ಟಂಥ ಕಪ್ಪು ಹಕ್ಕಳೆ ನೋಡಿದರು. ಸ್ಕ್ರಬ್ ಟೈಫಸ್ಸಿನ ಗುರುತು. ಆಗಲೇ ಅದರ ಆಂಟಿಬಯೋಟಿಕ್ ಡಾಕ್ಸಿಸೈಕ್ಲಿನ್ ಶುರು ಮಾಡಿ ಮೈಸೂರಿಗೆ ಕಳಿಸಿದೆ. ಮೂಳೆ ಮಜ್ಜೆ ನೋಡುವ ಮೊದಲು ಸ್ಟೀರಾಯ್ಡ್ ಬೇಡ ಎಂದು ಚೀಟಿಯಲ್ಲೇ ಬರೆದೆ, ಯಾಕಂದ್ರೆ ಲ್ಯುಕೀಮಿಯಾ (ರಕ್ತದ ಕ್ಯಾನ್ಸರ್) ಇದ್ದರೆ ಅದು ಸ್ಟೀರಾಯ್ಡಿನಡಿ ಅಡಗಿಬಿಡಬಹುದು. ಅಲ್ಲಿ ಮಜ್ಜೆ ತೆಗೆದು, ಆಮೇಲೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರು. ಫೆರಿಟಿನ್ ಇಳಿಯಿತು, ಪ್ಲೇಟ್‌ಲೆಟ್ ಏರಿತು. ಕೀಮೋ ಔಷಧಿ ಎಟೊಪೊಸೈಡ್ ಬೇಕಾಗಲಿಲ್ಲ.

ಹುಡುಗಿಯ ಅಪ್ಪ ಅಮ್ಮ ಸೋದರಮಾವ, ಅಕ್ಕನ ಮಗಳು. ನಮ್ಮ ಕಡೆ ಇದು ಹೊಸದಲ್ಲ. ಆದರೆ ಎಚ್‌ಎಲ್‌ಎಚ್ ವಂಶದಲ್ಲೂ ಬರಬಹುದು. ಅದಕ್ಕೇ ಸೋಂಕಿನ ಕಾರಣ ಸಿಕ್ಕಿದ್ದರೂ, ಅದನ್ನು ಪತ್ತೆ ಹಚ್ಚುವ ಪರ್ಫೊರಿನ್ ಪರೀಕ್ಷೆ ಮಾಡಿಸಿ ಎಂದೆ. ಅವಳ ತಮ್ಮ ಇನ್ನೂ ತೊಟ್ಟಿಲಲ್ಲಿದ್ದಾನೆ, ಅಲ್ವಾ.