ಕಥೆ ಓದಿದ ಮೇಲೆ ಏನು ಬರೆಯಲಿ? ಒಬ್ಬ ಫ್ಯಾನ್ ಫಿಕ್ಷನ್ ಓದುಗಿಯ ಅನುಭವ

ಫ್ಯಾನ್ ಫಿಕ್ಷನ್ ಅಂದರೆ ತಮಗಿಷ್ಟವಾದ ಕಥೆ, ಸಿನಿಮಾಗಳ ಪಾತ್ರಗಳನ್ನಿಟ್ಟುಕೊಂಡು ಅಭಿಮಾನಿಗಳೇ ಬರೆಯುವ ಕಥೆ. ನಾನು ಅದನ್ನು ಬರೆಯುವವಳಲ್ಲ, ಬರೀ ಓದುವವಳು. ಜಾಸ್ತಿ ಓದುವುದು ಇಂಥ ಕಥೆಗಳ ವೆಬ್‌ಸೈಟ್ ಆದ ಆರ್ಕೈವ್ ಆಫ್ ಅವರ್ ಓನ್‌ನಲ್ಲಿ. ಎಲ್ಲರ ಬಾಯಲ್ಲೂ ಅದು ಎಓತ್ರೀ. 2009ರಿಂದ ಇದೆ. ಅಲ್ಲಿ ಜಾಹೀರಾತಿಲ್ಲ, ಕಥೆ ಹಾಕಿ ದುಡ್ಡು ಕೇಳುವ ಹಾಗೂ ಇಲ್ಲ. ರಾತ್ರಿ ನಿದ್ದೆಗೆಟ್ಟು ಬರೆದವರಿಗೆ ಸಿಗುವುದು ಓದಿದವರ ಎರಡು ಮಾತು, ಅಷ್ಟೇ.

ಕಥೆಯ ಕೆಳಗೆ ಕೂಡೋಸ್ ಅಂತ, ಮೆಚ್ಚುಗೆ ತಿಳಿಸುವ ಒಂದು ಬಟನ್ ಇರುತ್ತದೆ. ಲಾಗಿನ್ ಆಗದೆಯೂ ಒತ್ತಬಹುದು. ಖಂಡಿತ ಒತ್ತಿ. ಆದರೆ ಒಂದು ಕಥೆಗೆ ಒಬ್ಬರದು ಒಂದೇ ಕೂಡೋಸ್. ಇಪ್ಪತ್ತು ಅಧ್ಯಾಯದ ಕಥೆಗೆ ಮೊದಲನೇ ಅಧ್ಯಾಯದಲ್ಲೇ ಒತ್ತಿಬಿಟ್ಟರೆ, ಮಿಕ್ಕ ಹತ್ತೊಂಬತ್ತನ್ನು ನೀವು ಓದಿದಿರೋ ಅರ್ಧಕ್ಕೇ ಬಿಟ್ಟಿರೋ ಬರೆದವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ನಾನು ಅಧ್ಯಾಯಕ್ಕೊಂದು ಕಮೆಂಟ್ ಹಾಕುತ್ತೇನೆ.

‘ಚೆನ್ನಾಗಿದೆ ಅನ್ನೋದು ಬಿಟ್ಟು ಇನ್ನೇನು ಬರೆಯೋದು?’ ಅಂತ ಗೆಳತಿಯರು ಕೇಳುತ್ತಾರೆ. ನನ್ನ ದಾರಿ ಸುಲಭದ್ದು. ಕಥೆಯನ್ನು ಇಪಬ್ ಅನ್ನುವ ಇ-ಪುಸ್ತಕದ ಫೈಲ್ ಆಗಿ ಇಳಿಸಿಕೊಂಡು ಮೆಟ್ರೋದಲ್ಲಿ ಓದುತ್ತೇನೆ. ಎಲ್ಲಿ ಕಣ್ಣು ನಿಲ್ಲುತ್ತದೋ ಆ ಸಾಲಿಗೆ ಬಣ್ಣ ಹಚ್ಚುತ್ತೇನೆ. ಫೈಲ್ ಓದಿದವರು ಕಮೆಂಟ್ ಮಾಡಲು ವಾಪಸ್ ಹೋಗುವುದು ಕಮ್ಮಿ. ನಾನು ಮನೆಗೆ ಬಂದ ಮೇಲೆ ಕಥೆಯ ಪುಟ ತೆರೆದು, ಗುರುತು ಹಾಕಿದ ಸಾಲುಗಳನ್ನು ಕಾಪಿ ಮಾಡಿ, ಒಂದೊಂದರ ಕೆಳಗೆ ಆಗ ನನಗೆ ಏನನ್ನಿಸಿತೋ ಅದನ್ನೇ ಬರೆಯುತ್ತೇನೆ.

ಮಹಾಭಾರತದ ಪಾತ್ರಗಳನ್ನಿಟ್ಟುಕೊಂಡು ಬರೆಯುವ ನಮ್ಮ ದೇಶದ ಹುಡುಗಿಯರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಬ್ಬಳ ಕಥೆಯಲ್ಲಿ ಸಾಕುತಾಯಿ ರಾಧೆ ಪುಟ್ಟ ಕರ್ಣನ ತಲೆಗೆ ಎಣ್ಣೆ ಹಚ್ಚುತ್ತಿರುತ್ತಾಳೆ. ನಾನು ಬರೆದದ್ದು ಇಷ್ಟು: ‘ಕುಂಡಲದ ಹತ್ತಿರ ಬಂದಾಗ ಅವಳ ಬೆರಳು ನಿಧಾನ ಆಗುತ್ತದಲ್ಲ, ಅಲ್ಲಿ ಫೋನ್ ಕೆಳಗಿಟ್ಟೆ. ಇವನು ನಾನು ಹೆತ್ತವನಲ್ಲ ಅನ್ನೋದು ಅವಳಿಗೆ ದಿನಾ ತಲೆ ಬಾಚುವಾಗ ನೆನಪಾಗುತ್ತಿತ್ತು ಅಂತ ನನಗೆ ಹೊಳೆದೇ ಇರಲಿಲ್ಲ.’ ಅವಳಿಂದ ಉದ್ದ ಉತ್ತರ ಬಂತು. ಆ ಸಾಲನ್ನು ಯಾರೂ ಗಮನಿಸಲ್ಲ ಅಂತ ತೆಗೆದುಹಾಕಲು ಹೊರಟಿದ್ದಳಂತೆ. ಆಮೇಲೆ ರಾಧೆಗೇ ಒಂದು ಪೂರ್ತಿ ಅಧ್ಯಾಯ ಬರೆದಳು. ‘ಸೂಪರ್’ ಅಂದಿದ್ದರೆ ಅವಳಿಗೆ ಖುಷಿಯೇನೋ ಆಗುತ್ತಿತ್ತು. ಯಾವುದು ಸೂಪರ್ ಅಂತ ಮಾತ್ರ ತಿಳಿಯುತ್ತಿರಲಿಲ್ಲ, ಅಲ್ವಾ?

‘ಮುಂದಿನ ಭಾಗ ಯಾವಾಗ?’ ಅಂತ ನಾನು ಕೇಳುವುದಿಲ್ಲ. ಪ್ರೀತಿಯಿಂದ ಕೇಳಿದರೂ ಬರೆಯುವವರ ಕಿವಿಗೆ ಅದು ಸಾಲ ವಸೂಲಿಯ ಹಾಗೆ ಕೇಳಿಸುತ್ತದೆ. ಬದಲಿಗೆ ಊಹೆ ಮಾಡುತ್ತೇನೆ. ‘ಆ ಉಂಗುರ ಕದ್ದವಳು ತಂಗಿಯೇ ಇರಬೇಕು, ನಂಗೆ ಅವಳ ಮೇಲೇ ಅನುಮಾನ.’ ಊಹೆ ತಪ್ಪಾದರೆ ಬರೆದವರಿಗೆ ಇನ್ನೂ ಖುಷಿ! ಕಾಯುತ್ತಿದ್ದೇನೆ ಅನ್ನುವುದನ್ನು ಬೇರೆ ಹೇಳಬೇಕಾಗಿಲ್ಲ.

ತಪ್ಪು ತೋರಿಸುವ ವಿಷಯಕ್ಕೆ ಬಂದರೆ, ಕಥೆಯ ಟಿಪ್ಪಣಿಯಲ್ಲಿ ‘ತಿದ್ದಿ ಹೇಳಿ’ ಅಂತ ಅವರೇ ಕೇಳಿದ್ದರೆ ಮಾತ್ರ ಹೇಳುತ್ತೇನೆ. ಓದಿ ತಿದ್ದಿಕೊಡುವುದಕ್ಕೆ ಬೀಟಾ ಅಂತ ಒಬ್ಬರನ್ನು ಎಷ್ಟೋ ಜನ ಮೊದಲೇ ಇಟ್ಟುಕೊಂಡಿರುತ್ತಾರೆ. ಕೇಳದವರಿಗೆ ವ್ಯಾಕರಣದ ಪಾಠ ಯಾಕೆ? ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಬುಕ್‌ಮಾರ್ಕ್ ಮಾಡಿ ಪಕ್ಕದಲ್ಲಿ ‘ಕೊನೆ ಸಪ್ಪೆ’ ಅಂತ ಬರೆದುಕೊಂಡರೆ ಬರೆದವರೂ ಅದನ್ನು ನೋಡಬಹುದು. ನಿಮಗಷ್ಟೇ ಇರಲಿ ಅನ್ನಿಸಿದರೆ ಪ್ರೈವೇಟ್ ಅನ್ನುವ ಚೌಕಕ್ಕೆ ಟಿಕ್ ಹಾಕಿ.

ಎಷ್ಟೋ ವರ್ಷದ ಹಿಂದೆ ಮುಗಿದ ಕಥೆಗಳಿಗೂ ಬರೆಯುತ್ತೇನೆ. ಹಳೇ ಕಥೆಗೆ ಈಗ ಕಮೆಂಟ್ ಹಾಕಿದರೆ ಏನಂದುಕೊಳ್ಳುತ್ತಾರೋ ಅಂತ ಕೆಲವರಿಗೆ ಸಂಕೋಚ. ಇಮೇಲ್‌ನಲ್ಲಿ ಬರೆದವರಿಗೆ ಕಮೆಂಟ್ ಬಂದ ಸುದ್ದಿ ಹೋಗುತ್ತದೆ. ಬರೆಯುವುದನ್ನೇ ಬಿಟ್ಟವರಿಗೂ ಹೋಗಬಹುದು. ಸಿಟ್ಟಾದವರನ್ನು ನಾನಂತೂ ಕಂಡಿಲ್ಲ.

ದಿನಾ ಉದ್ದುದ್ದ ಬರೆಯಲು ನನಗೂ ಆಗುವುದಿಲ್ಲ. ಸುಸ್ತಾಗಿರುವ ದಿನ ‘ಎರಡನೇ ಸಲ ಓದಿದೆ, ಮಳೆಯಲ್ಲಿ ಅಣ್ಣ ತಮ್ಮ ಜಗಳ ಆಡುವ ಜಾಗ ಈ ಸಲವೂ ಅಳಿಸಿತು’ ಅಂತ ಹಾಕಿ ಮಲಗುತ್ತೇನೆ. ಉತ್ತರ ಬಂದರೆ ಬಂತು, ಬರದಿದ್ದರೂ ಬೇಜಾರಿಲ್ಲ.