ಸ್ವರ ಸೇರದ ಮಕ್ಕಳಿಗೊಂದು ಹಾಡಿನ ಕ್ಲಾಸು

ಶಾಲೆಯ ಸಂಗೀತ ಮೇಷ್ಟ್ರು ಅಂದರೆ ಬಹುಪಾಲು ಜನರ ಲೆಕ್ಕದಲ್ಲಿ ವಾರ್ಷಿಕೋತ್ಸವದ ಕಾಂಟ್ರಾಕ್ಟರ್. ಚೆನ್ನಾಗಿ ಹಾಡುವ ಹತ್ತು ಮಕ್ಕಳನ್ನು ಆರಿಸಿ, ಎರಡು ಹಾಡು ಉರು ಹೊಡೆಸಿ, ವೇದಿಕೆ ಹತ್ತಿಸಿದರೆ ವರ್ಷದ ಕೆಲಸ ಮುಗಿಯಿತು. ಉಳಿದ ಮಕ್ಕಳು ಚಪ್ಪಾಳೆ ತಟ್ಟಲಿಕ್ಕೆ. ನಾನೂ ಆ ಕೆಲಸ ಮಾಡುತ್ತೇನೆ, ನೌಕರಿಯ ಭಾಗ ಅದು. ಆದರೆ ನನ್ನ ಪಾಲಿಗೆ ನಿಜವಾದ ಕ್ಲಾಸು ಇರುವುದು ಆ ಉಳಿದವರಿಗಾಗಿ. ಚೆನ್ನಾಗಿ ಹಾಡುವ ಮಗುವಿಗೆ ಮನೆಯವರು ಹೇಗೋ ಒಬ್ಬ ಗುರುವನ್ನು ಹುಡುಕಿಕೊಡುತ್ತಾರೆ. ಸ್ವರವೇ ಸೇರದ ಮಗುವನ್ನು ಯಾರೂ ಪಾಠಕ್ಕೆ ಕಳಿಸುವುದಿಲ್ಲ. ಅದಕ್ಕೆ ಸಂಗೀತ ಸಿಕ್ಕರೆ ಶಾಲೆಯಲ್ಲಿ ಸಿಗಬೇಕು, ಇಲ್ಲದಿದ್ದರೆ ಇಲ್ಲ.

ಇಂಥ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಹಾಡು ಮೇಲೆ ಹೋದರೂ ಕೆಳಗೆ ಬಂದರೂ ಅವರದು ಒಂದೇ ಗೊಣಗು. ಅವರಲ್ಲಿ ಹಲವರಿಗೆ ಯಾರೋ ಯಾವಾಗಲೋ 'ನೀನು ಸುಮ್ಮನೆ ಬಾಯಿ ಆಡಿಸು ಸಾಕು' ಎಂದಿರುತ್ತಾರೆ. ಹುಟ್ಟಿನಿಂದಲೇ ಸ್ವರದ ಏರಿಳಿತ ಗುರುತಿಸಲಾಗದ ತೊಂದರೆಯೊಂದು ಇರುವುದು ನಿಜ, ಅದಕ್ಕೆ ಅಮ್ಯೂಸಿಯಾ ಎನ್ನುತ್ತಾರೆ. ಕೆನಡಾದ ಇಸಬೆಲ್ ಪೆರೆಟ್ಜ್ ಮತ್ತು ಡೊಮಿನಿಕ್ ವುವಾನ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅದು ಶೇಕಡಾ 1.5ರಷ್ಟು ಜನರಲ್ಲಿ ಮಾತ್ರ. ನನ್ನ ಕ್ಲಾಸಿನ ಗೊಣಗುವವರ ಸಂಖ್ಯೆ ಅದಕ್ಕಿಂತ ಎಷ್ಟೋ ಹೆಚ್ಚು. ಅಂದರೆ ಬಹುತೇಕರ ಕಿವಿಗೆ ಏನೂ ಆಗಿಲ್ಲ. ದನಿಯನ್ನು ಕಿವಿ ಹೇಳಿದ ಕಡೆಗೆ ಒಯ್ಯುವ ಅಭ್ಯಾಸ ಆಗಿಲ್ಲ, ಅಷ್ಟೇ.

ನಾನು ಮಾಡುವುದು ಹೀಗೆ. 'ನನ್ನ ಶ್ರುತಿಗೆ ಬಾ' ಎಂದು ಮಗುವನ್ನು ಕರೆಯುವುದಿಲ್ಲ, ನಾನೇ ಅದರ ಶ್ರುತಿಗೆ ಹೋಗುತ್ತೇನೆ. ತನ್ನ ಹೆಸರನ್ನು ಉದ್ದಕ್ಕೆ ಎಳೆದು ಹೇಳಲಿಕ್ಕೆ ಹೇಳಿ, ಅದು ನಿಂತ ಜಾಗದಲ್ಲೇ ನನ್ನ ದನಿ ಸೇರಿಸುತ್ತೇನೆ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗ ಹೀಗೆ ಮಾಡಿದಾಗ ಥಟ್ಟನೆ ನಿಲ್ಲಿಸಿಬಿಟ್ಟ. "ಸಾರ್, ಕಿವಿಯೊಳಗೆ ಗುಂಯ್ ಅಂತು" ಎಂದ. "ಅದೇ ಕಣೋ ಶ್ರುತಿ ಸೇರೋದು, ಇನ್ನೊಂದ್ಸಲ ಹೇಳು" ಎಂದೆ. ಎರಡು ದನಿ ಕೂಡಿದಾಗ ಹೇಗಿರುತ್ತದೆ ಎನ್ನುವುದು ಅವನಿಗೆ ಅದುವರೆಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ್ದನ್ನು ಹುಡುಕುವುದಾದರೂ ಹೇಗೆ? ಆ ಗುಂಯ್ ಒಮ್ಮೆ ಸಿಕ್ಕಿತೆಂದರೆ ನನ್ನ ದನಿಯನ್ನು ಒಂದು ಕೂದಲೆಳೆಯಷ್ಟು ಏರಿಸುತ್ತೇನೆ, ಮಗು ಅದನ್ನು ಹುಡುಕಿಕೊಂಡು ಬರುತ್ತದೆ. ಕೆಲವರು ವಾರದೊಳಗೆ ಬರುತ್ತಾರೆ, ಕೆಲವರಿಗೆ ವರ್ಷ ಹಿಡಿಯುತ್ತದೆ. ಆಂಬುಲೆನ್ಸ್ ಸೈರನ್ನಿನಂತೆ ದನಿಯನ್ನು ಮೇಲಕ್ಕೂ ಕೆಳಕ್ಕೂ ಜಾರಿಸುವ ಆಟ ಇದಕ್ಕೆ ತುಂಬ ಸಹಾಯ. ಅದನ್ನು ಹಾಡು ಎಂದು ಯಾರೂ ಅಂದುಕೊಳ್ಳುವುದಿಲ್ಲವಾದ್ದರಿಂದ ಯಾರಿಗೂ ಹೆದರಿಕೆಯೂ ಇಲ್ಲ.

ಗಂಡು ಮೇಷ್ಟ್ರುಗಳಿಗೆ ಒಂದು ಮಾತು. ನಮ್ಮ ದನಿ ಮಕ್ಕಳ ದನಿಗಿಂತ ಒಂದು ಸ್ಥಾಯಿ ಕೆಳಗಿರುತ್ತದೆ. ಅದನ್ನು ಇದ್ದಲ್ಲೇ ಅನುಕರಿಸಲು ಹೋಗಿ ಎಷ್ಟೋ ಮಕ್ಕಳು ಗಂಟಲಿನ ತಳಕ್ಕೆ ಇಳಿದು ಅಲ್ಲೇ ಗುರುಗುಟ್ಟುತ್ತಾರೆ. ನಾನು ಕಳ್ಳದನಿಯಲ್ಲಿ, ಅಂದರೆ ಎತ್ತರದ ತೆಳು ದನಿಯಲ್ಲಿ, ಹಾಡಿ ತೋರಿಸುತ್ತೇನೆ, ಇಲ್ಲವೇ ಸ್ವರ ಗಟ್ಟಿಯಿರುವ ಒಂದು ಮಗುವಿನಿಂದಲೇ ಶ್ರುತಿ ಕೊಡಿಸುತ್ತೇನೆ. ಕಳ್ಳದನಿಗೆ ಮೊದಮೊದಲು ಕ್ಲಾಸೆಲ್ಲ ನಗುತ್ತದೆ. ನಗಲಿ.

ವಾದ್ಯವಿಲ್ಲ, ಹಾಗಾಗಿ ಸಂಗೀತ ಕಲಿಸಲಾಗದು ಎನ್ನುವ ಶಾಲೆಗಳಿಗೆ ಝೋಲ್ತಾನ್ ಕೊಡಾಯ್ ಒಳ್ಳೆಯ ಉತ್ತರ. ಹಂಗೇರಿಯ ಈ ಸಂಗೀತ ರಚನಕಾರ ಪ್ರತಿ ಮಗುವಿಗೂ ಸಂಗೀತ ಸಿಗಬೇಕು, ಅದಕ್ಕೆ ಮಗುವಿನ ಕಂಠವೇ ವಾದ್ಯ ಎಂದು ಪಟ್ಟು ಹಿಡಿದರು. ಅವರು ಹುಟ್ಟಿದ ಕೆಚ್ಕೆಮೇಟ್ ಊರಿನಲ್ಲಿ 1950ರಲ್ಲಿ ದಿನವೂ ಹಾಡುವ ಮೊದಲ ಪ್ರಾಥಮಿಕ ಶಾಲೆ ಶುರುವಾಯಿತು. ಸ್ವರಕ್ಕೊಂದು ಕೈಸನ್ನೆ ಇರುವ ಅವರ ಪದ್ಧತಿಯ ಮೂಲ ಇಂಗ್ಲೆಂಡಿನ ಜಾನ್ ಕರ್ವೆನ್ ಅವರದು. ಕೆಳಗಿನ ಸ್ವರಕ್ಕೆ ಕೈ ಸೊಂಟದ ಹತ್ತಿರ, ಮೇಲಿನ ಸ್ವರಕ್ಕೆ ಹಣೆಯ ಹತ್ತಿರ. ಗೊಣಗುವ ಮಕ್ಕಳಿಗೆ ಇದು ಬಹಳ ಒದಗುತ್ತದೆ: ಕಿವಿಗೆ ಹತ್ತದ ಏರಿಳಿತ ಕಣ್ಣಿಗೂ ಕೈಗೂ ಹತ್ತುತ್ತದೆ.

ಕೊಡಾಯ್ ಅವರಿಂದಲೇ ಎತ್ತಿಕೊಂಡ ಇನ್ನೊಂದು ಅಭ್ಯಾಸ ನನ್ನ ಕ್ಲಾಸಿನಲ್ಲಿ ತಪ್ಪುವುದೇ ಇಲ್ಲ. ಹಾಡಿನ ಮೊದಲ ಸಾಲು ಗಟ್ಟಿಯಾಗಿ, ಎರಡನೆಯದು ಮನಸ್ಸಿನಲ್ಲಿ, ಮೂರನೆಯದು ಮತ್ತೆ ಗಟ್ಟಿಯಾಗಿ. ಎಲ್ಲರೂ ಒಟ್ಟಿಗೆ ಬಂದು ಇಳಿಯಬೇಕು. ಮೊದಲು ಯಾರೂ ಇಳಿಯುವುದಿಲ್ಲ. ಅರ್ಧ ಜನ ಓಡಿ ಮುಂದೆ ಹೋಗಿರುತ್ತಾರೆ, ಒಂದಿಬ್ಬರು ಎರಡನೇ ಸಾಲನ್ನೇ ಮರೆತಿರುತ್ತಾರೆ. ಮಕ್ಕಳಿಗೆ ದನಿ ಜೋರಾದಂತೆ ಹಾಡಿನ ವೇಗವೂ ಜೋರಾಗುತ್ತದೆ. ಬೆರಳಿನಲ್ಲಿ ಅಂಗೈಗೆ ತಾಳ ಹಾಕಿಕೊಂಡು ಪಕ್ಕದವನನ್ನು ಕೇಳಿಸಿಕೊಳ್ಳತೊಡಗಿದ ಮೇಲೆ ತಾನಾಗಿ ಹತೋಟಿಗೆ ಬರುತ್ತದೆ. (ಮೊದಲು ಡೆಸ್ಕಿನ ಮೇಲೆ ತಟ್ಟಿಸುತ್ತಿದ್ದೆ. ಪಕ್ಕದ ಕೋಣೆಯ ಗಣಿತದ ಮೇಡಂ ಜೊತೆ ಆದ ಒಪ್ಪಂದದ ಫಲ ಈ ಅಂಗೈ.)

ಚಿತ್ರಕಲೆಯ ಮೇಷ್ಟ್ರು ಇಲ್ಲದಿದ್ದ ವರ್ಷ ಆ ಪೀರಿಯಡ್ಡೂ ನನ್ನ ತಲೆಗೆ ಬಂತು. ಚಿತ್ರ ಬರೆಯಿರಿ ಎಂದರೆ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಮನೆ. ಆ ಚಾಳಿ ತಪ್ಪಿಸಲು ಅವರ ಒಂದು ಶೂ ಬಿಚ್ಚಿಸಿ ಡೆಸ್ಕಿನ ಮೇಲೆ ಇಡಿಸಿದೆ. ಕಾಗದ ನೋಡದೆ, ಶೂವಿನ ಅಂಚಿನ ಮೇಲೆ ಕಣ್ಣು ಎಷ್ಟು ನಿಧಾನ ಸಾಗುತ್ತದೋ ಅಷ್ಟೇ ನಿಧಾನ ಪೆನ್ಸಿಲ್ ಸಾಗಬೇಕು. ಬಂದ ಚಿತ್ರಗಳು ವಕ್ರವಾಗಿದ್ದವು, ಆದರೆ ಒಂದರಂತೆ ಇನ್ನೊಂದು ಇರಲಿಲ್ಲ. ಒಬ್ಬಳು ಲೇಸಿನ ತುದಿಯಲ್ಲಿ ಪ್ಲಾಸ್ಟಿಕ್ ಕಿತ್ತು ದಾರ ಬಿಚ್ಚಿಕೊಂಡಿದ್ದನ್ನೂ ಬರೆದಿದ್ದಳು. ದಿನಾ ಹಾಕಿಕೊಳ್ಳುವ ಶೂವಿನಲ್ಲಿ ಅದನ್ನು ಅವಳು ನೋಡಿದ್ದು ಅವತ್ತೇ.

ಇಷ್ಟೆಲ್ಲ ಆದಮೇಲೂ ಪೋಷಕರು ಕೇಳುವುದು ಒಂದೇ: ಇದರಿಂದ ಅಂಕ ಹೆಚ್ಚಾಗುತ್ತದಾ? ಮೊಟ್ಸಾರ್ಟ್ ಕೇಳಿದರೆ ಬುದ್ಧಿ ಬೆಳೆಯುತ್ತದೆ ಎನ್ನುವ ಮಾತಿನ ಮೂಲ 1993ರ ಒಂದು ಸಣ್ಣ ಪ್ರಯೋಗ. ಅದು ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ, ಆಕಾರ ಊಹಿಸುವ ಒಂದು ಬಗೆಯ ಲೆಕ್ಕದಲ್ಲಿ, ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಅಷ್ಟರ ಬಲದ ಮೇಲೆ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಕೂಸಿಗೂ ಶಾಸ್ತ್ರೀಯ ಸಂಗೀತ ಹಂಚಲು ಹಣ ಕೇಳಿದ್ದರು. 2004ರಲ್ಲಿ ಗ್ಲೆನ್ ಶೆಲೆನ್‌ಬರ್ಗ್ ಆರು ವರ್ಷದ 144 ಮಕ್ಕಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನ ಹೆಚ್ಚು ಗಟ್ಟಿ. ಸಂಗೀತ ಕಲಿತವರ ಬುದ್ಧಿಸೂಚ್ಯಂಕ ಉಳಿದವರಿಗಿಂತ ತುಸು ಹೆಚ್ಚು ಏರಿತು. ನಾಟಕ ಕಲಿತವರಲ್ಲಿ ಸುಧಾರಿಸಿದ್ದು ಇತರರೊಂದಿಗೆ ನಡೆದುಕೊಳ್ಳುವ ರೀತಿ. ನನಗೆ ಈ ಎರಡನೆಯದೇ ಹೆಚ್ಚು ಕುತೂಹಲದ್ದು, ಆದರೆ ಅದನ್ನು ಯಾರೂ ಎತ್ತಿ ಹೇಳುವುದಿಲ್ಲ. ಅಂಕದ ಆಸೆ ತೋರಿಸಿ ಸಂಗೀತದ ಪೀರಿಯಡ್ ಉಳಿಸಿಕೊಳ್ಳುವುದು ನನಗೆ ಒಗ್ಗದು. ಅಂಕ ಏರದ ವರ್ಷ ಅದೇ ಕಾರಣಕ್ಕೆ ಪೀರಿಯಡ್ ಹೋಗುತ್ತದೆ.

ಪೋಷಕರಿಗೆ ನಾನು ಹೇಳುವುದು ಕಣ್ಣೆದುರು ಕಂಡದ್ದನ್ನು. ಬೇರೆ ಪಾಠಗಳಲ್ಲಿ ಮಗು ಕೆಂಪು ಟಿಕ್ಕಿಗಾಗಿ ಕಾಯುತ್ತದೆ, ಸರಿಯೋ ತಪ್ಪೋ ಹೇಳುವುದು ಮೇಷ್ಟ್ರ ಕೆಲಸ. ಹಾಡುವಾಗ ತಪ್ಪು ಆ ಕ್ಷಣವೇ ಅದರ ಕಿವಿಗೆ ಬೀಳುತ್ತದೆ, ಮುಂದಿನ ಉಸಿರಿನಲ್ಲಿ ಅದೇ ಸರಿಪಡಿಸಿಕೊಳ್ಳುತ್ತದೆ. ವರ್ಷದ ಆರಂಭದಲ್ಲಿ ಪ್ರತಿಯೊಬ್ಬರ ದನಿಯನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ, ಕೊನೆಯಲ್ಲಿ ಅವರವರಿಗಷ್ಟೇ ಕೇಳಿಸುತ್ತೇನೆ. ನನ್ನ ಪರೀಕ್ಷೆ ಅದೇ. ಗ್ರೇಡು ಕೇಳುವ ಫಾರಂನಲ್ಲಿ ಏನಾದರೂ ಒಂದು ತುಂಬಿಸಿ ಕೊಡುತ್ತೇನೆ.

ವಾರ್ಷಿಕೋತ್ಸವಕ್ಕೆ ಈಗ ಒಂದು ಹಾಡು ಆಯ್ದವರದು, ಇನ್ನೊಂದು ಇಡೀ ತರಗತಿಯದು. ಮುಖ್ಯೋಪಾಧ್ಯಾಯರು ಒಪ್ಪಿದ್ದು ಅಷ್ಟಕ್ಕೆ. ಎರಡನೆಯದು ಒರಟಾಗಿಯೇ ಕೇಳಿಸುತ್ತದೆ, ಮುಚ್ಚಿಡುವುದೇನಿದೆ. ಗೊಣಗುವವರನ್ನು ಹಿಂದಿನ ಸಾಲಿಗೆ ತಳ್ಳುವುದಿಲ್ಲ. ಸ್ವರ ಗಟ್ಟಿಯಿರುವ ಇಬ್ಬರ ನಡುವೆ ಒಬ್ಬರಂತೆ ನಿಲ್ಲಿಸುತ್ತೇನೆ, ಎರಡು ಕಿವಿಗೂ ಸರಿಯಾದ ಸ್ವರ ಬೀಳುತ್ತಿದ್ದರೆ ದನಿ ಅತ್ತ ಸರಿಯುತ್ತದೆ. ಗಟ್ಟಿ ದನಿಯವರು ಮಾತ್ರ ಪಕ್ಕದವರ ಬಗ್ಗೆ ಪ್ರತಿ ವರ್ಷ ನನ್ನ ಹತ್ತಿರ ದೂರು ತರುತ್ತಾರೆ.